ಇಳಕಲ್ಲಿನಿಂದ ತಂದ ಹೆಪ್ಪು

ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹಿಡಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಇಳಕಲ್ಲಿಗೆ ಹೋಗಬೇಕಾದವಳು ಹುನಗುಂದದ ನೇರ ದಾರಿ ಬಿಟ್ಟು ಬಾದಾಮಿಯ ಕಡೆ ಹೊರಟಿದ್ದೆ. ಅವ್ವನ ತವರು ಅಲ್ಲಿನ ಚೊಳಚಗುಡ್ಡ, ಬನಶಂಕರಿ ಗುಡಿ ಇರುವ ಊರು. ನಮ್ಮ ಮನೆಯ ಹೆಪ್ಪು ಬಂದದ್ದೂ ಅಲ್ಲಿಂದಲೇ.

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಪುಡಿಯನ್ನು ಹಾಲಿಗೆ ಬೆರೆಸಿ, ಮೊಸರಿನ ಜೀವಿಗಳಿಗೆ ಏನಾಗುತ್ತದೆಂದು ಈ ವರ್ಷ ನೋಡುತ್ತಿದ್ದೇನೆ. ಪುಡಿ ಅವುಗಳ ಮೈಗೆ ಅಂಟಿ ಹೊದಿಕೆಗೆ ಗಾಯ ಮಾಡುತ್ತದೆ. ಕೆಲವು ಸಾಯುತ್ತವೆ, ಉಳಿದವು ಸೊರಗುತ್ತವೆ, ಹಾಲು ಹೆಪ್ಪುಗಟ್ಟಲು ತಡವಾಗುತ್ತದೆ. ಹೋಲಿಕೆಗೆ ಪ್ಲಾಸ್ಟಿಕ್ ಸೋಕದ ಹೆಪ್ಪು ಬೇಕಿತ್ತು. ಅವ್ವ ತೀರಿಕೊಂಡ ಮೇಲೆ ನಮ್ಮಲ್ಲಿ ಅದು ಉಳಿದಿಲ್ಲ. ಆದರೆ ಅವ್ವನ ತಂಗಿ, ನನ್ನ ಚಿಗವ್ವ, ಇಳಕಲ್ಲಿನಲ್ಲಿ ಅದನ್ನೇ ನಡೆಸಿಕೊಂಡು ಬಂದಿದ್ದಾಳೆ. ಅವಳ ಮದುವೆಯ ದಿನ ಅವ್ವ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿ ಅವಳ ಕೈಗಿಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಪ್ರಯೋಗಕ್ಕೆ ಬೇಕೆಂದು ಎಲ್ಲರಿಗೂ ಹೇಳಿ ಹೊರಟೆ. ನಿಜಕ್ಕೂ ಬೇಕಿದ್ದದ್ದು ಅವ್ವನ ಮೊಸರಿನ ರುಚಿ.

ಕೆರೂರಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಬಾದಾಮಿಯಲ್ಲಿ ಇಳಿದು ಟಂಟಂ ಆಟೊ ಹತ್ತಿ ಬನಶಂಕರಿ ಗುಡಿಗೆ ಹೋದೆ. ಹೊಂಡದ ಬದಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು.

“ಬರ್ರಿ ಅಕ್ಕಾರ, ಕಟಕ ರೊಟ್ಟಿ, ಕುಡಿಕಿ ಮಸರ!”

ಕುಡಿಕೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರು. ಎರಡು ತುತ್ತು ತಿಂದು ಕುಡಿಕೆಯನ್ನೇ ನೋಡುತ್ತಾ ಕೂತೆ.

“ಯಾಕ್ರಿ, ಹುಳಿ ಆಗೇತೇನ್ರಿ?” ಎಂದಳು ಮಾರುವವಳು.

“ಇಲ್ಲವಾ, ಭಾಳ ಛಲೋ ಐತಿ. ನಮ್ಮವ್ವನ ಮಸರ ನೆನಪಾತು.”

“ಹಂಗಂತ ರೊಕ್ಕ ನಿಮ್ಮವ್ವಗ ಕೊಟ್ಟೀರಿ ಮತ್ತ!”

ಖಾಲಿ ಕುಡಿಕೆ ತೊಳೆದು ಚೀಲದಲ್ಲಿಟ್ಟುಕೊಂಡೆ. ಹೆಪ್ಪನ್ನು ಅದರಲ್ಲೇ ತರಬೇಕೆಂದುಕೊಂಡಿದ್ದೆ.

ಮಧ್ಯಾಹ್ನದ ಬಸ್ಸು ಪಟ್ಟದಕಲ್ಲು, ಅಮೀನಗಡ ದಾಟಿತು. ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ಲು ಮುಟ್ಟುವಾಗ ಚಿಗವ್ವ ದೇವರ ಜಗಲಿಯ ಮೇಲೆ ದೀಪ ಹಚ್ಚಿಯಾಗಿತ್ತು. ಬಂದ ಕಾರಣ ಹೇಳಿದೆ.

“ಈಗ? ದೀಪ ಹಚ್ಚಿದ ಮ್ಯಾಲೆ ಹೆಪ್ಪ ಕೊಡ್ತಾರೇನ? ಇಷ್ಟು ಸಾಲಿ ಕಲತು ಇದೊಂದು ಕಲೀಲಿಲ್ಲ ನೋಡು ನೀ. ಇರು, ಮುಂಜಾನಿ ಒಯ್ಯುವಂತಿ.”

ಮುಂಜಾನೆ ಅವಳು ಅಡುಗೆಮನೆಯಿಂದ ತಂದದ್ದು ಬಣ್ಣ ಮಾಸಿದ ಕಿತ್ತಳೆ ಪ್ಲಾಸ್ಟಿಕ್ ಡಬ್ಬಿ.

“ಇದೇನ ಚಿಗವ್ವ? ಲಗ್ನದಾಗ ಅವ್ವ ಕೊಟ್ಟ ಕುಡಿಕಿ ಎಲ್ಲೈತಿ?”

“ಯಾವ ಕುಡಿಕಿ? ಹುಚ್ಚಿ, ಹೊಸಾ ಸೀರಿ ಉಟಗೊಂಡು ಬಸ್ಸಿನ್ಯಾಗ ಮಣ್ಣಿನ ಕುಡಿಕಿ ಹಿಡಕೊಂಡು ಕುಂದರ್ತಿದ್ನೇನ? ಚೆಲ್ಲೂದಿಲ್ಲ ಅಂತ ನಿಮ್ಮವ್ವ ಇದ ಡಬ್ಬಿ ಕೊಟ್ಟಾಳ. ಜೋಡಿ ತಗೊಂಡಿದ್ಲು. ಇನ್ನೊಂದು ನಿಮ್ಮನ್ಯಾಗ ಇತ್ತಲ್ಲ, ಅದರಾಗ ದಿನಾ ಹೆಪ್ಪ ಹಾಕ್ತಿದ್ಲು.”

ಡಬ್ಬಿಯ ಒಳಮೈಯಲ್ಲಿ ಚಮಚ ಕೆರೆದ ಬಿಳಿ ಗೀರುಗಳಿದ್ದವು. ಸವೆದ ಪ್ಲಾಸ್ಟಿಕ್ಕು ಮೊಸರಿಗೆ ಹೋಗಿದೆ. ಅಲ್ಲಿಂದ ಅದರ ಜೀವಿಗಳಿಗೆ, ನಮಗೆ. ನನ್ನ ಪ್ರಯೋಗಕ್ಕೆ ಈ ಹೆಪ್ಪು ಬಾರದು. ಹಾಗಾದರೆ ಮದುವೆಯ ಕುಡಿಕೆ? ಬನಶಂಕರಿಯ ಯಾವುದೋ ಬುಟ್ಟಿಯಿಂದ ಎತ್ತಿ, ನೆನಪಿನಲ್ಲಿ ನಾನೇ ಅವ್ವನ ಕೈಗೆ ಕೊಟ್ಟಿದ್ದೆನೋ ಏನೋ.

“ಬ್ಯಾಡೇನ ಹಂಗಾದ್ರ?” ಚಿಗವ್ವ ನನ್ನ ಮುಖ ನೋಡಿದಳು.

“ಬೇಕು.”

ಅರ್ಧ ಹೆಪ್ಪನ್ನು ಕುಡಿಕೆಗೆ ಹಾಕಿಕೊಂಡೆ. ಚಿಗವ್ವ ತನಗೊಂದಿಷ್ಟು ಸ್ಟೀಲ್ ಬಟ್ಟಲಿಗೆ ತೆಗೆದಿಟ್ಟುಕೊಂಡು, “ನಿಮ್ಮವ್ವನ ಡಬ್ಬಿ ನೀನ ಇಟ್ಕೊ” ಎಂದು ಉಳಿದದ್ದನ್ನು ಡಬ್ಬಿಯ ಸಮೇತ ಕೊಟ್ಟಳು. ಹುನಗುಂದ, ಕಮತಗಿ ಕಳೆದು ಬಾಗಲಕೋಟೆ ಬರುವವರೆಗೆ ಕುಡಿಕೆ ತೊಡೆಯ ಮೇಲಿತ್ತು. ಸೀರೆಗೆ ಎರಡು ಸಲ ಚೆಲ್ಲಿತು. ಡಬ್ಬಿ ಚೀಲದಲ್ಲಿ ಆರಾಮಾಗಿತ್ತು.

ಅಂದು ಸಂಜೆ ಎರಡಕ್ಕೂ ಹಾಲು ಹಾಕಿದೆ. ಬೆಳಿಗ್ಗೆ ಕುಡಿಕೆಯ ಮೊಸರು ಕತ್ತರಿಸುವಷ್ಟು ಗಟ್ಟಿಯಾಗಿತ್ತು, ಸಿಹಿಯಾಗಿತ್ತು. ಡಬ್ಬಿಯದು ತೆಳುವು, ಬದಿಗೆ ನೀರು ಬಿಟ್ಟಿತ್ತು. ಅದನ್ನೊಂದು ಚಮಚ ಬಾಯಿಗಿಟ್ಟೆ. ಸ್ವಲ್ಪ ಹುಳಿ. ಅವ್ವನದೇ ರುಚಿ.

ಕುಡಿಕೆಯದನ್ನು ಊಟಕ್ಕೆ ಮುಚ್ಚಿಟ್ಟೆ. ಡಬ್ಬಿಯದನ್ನು ಅಡುಗೆಮನೆಯಲ್ಲಿ ನಿಂತೇ ತಿಂದೆ, ಚಮಚ ತಳಕ್ಕೆ ತಾಗದಂತೆ.