ಘಾಟಿಯಲ್ಲಿ ಹೊತ್ತುತ್ತಿದ್ದ ಕೆಂಪು ದೀಪ

ನಮ್ಮ ಹಳೆಯ ಡೀಸೆಲ್ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ನಂಬುವಂಥದ್ದು ಒಂದೇ ಒಂದಿತ್ತು, ಆಯಿಲ್ ಪ್ರೆಶರಿನ ಕೆಂಪು ದೀಪ. ಸ್ಪೀಡಿನ ಮುಳ್ಳು ನಿಂತಲ್ಲೂ ನಲವತ್ತು ತೋರಿಸುತ್ತಿತ್ತು. ಡೀಸೆಲ್ ಮುಳ್ಳಿನ ಪ್ರಕಾರ ನಮ್ಮ ಟ್ಯಾಂಕು ಜನ್ಮದಲ್ಲಿ ಖಾಲಿಯಾದದ್ದೇ ಇಲ್ಲ. ದೀಪ ಮಾತ್ರ ಸತ್ಯವಂತ. ಕೀಲಿ ತಿರುಗಿಸಿದಾಗ ಹೊತ್ತುತ್ತಿತ್ತು, ಎಂಜಿನ್ ಶುರುವಾಗಿ ಆಯಿಲ್ ಮೇಲಕ್ಕೇರಿದ ಕೂಡಲೇ ಆರುತ್ತಿತ್ತು. ಅದು ಆರಿದ ಮೇಲೆ ಅಪ್ಪ ಸ್ಟಿಯರಿಂಗಿಗೆ ಕೈಮುಗಿದು ಗೇರು ಹಾಕುತ್ತಿದ್ದ.

ಎರಡು ಸಾವಿರದ ಆ ಮೊದಲ ದಶಕದಲ್ಲಿ ನಾನು ಬಂಡ್ರಿಯ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆ ಹೊಸಪೇಟೆಯಲ್ಲಿ. ನಮ್ಮ ಕಡೆಯಿಂದ ಸಂಡೂರು ತಾಲ್ಲೂಕಿನ ಶಾಲೆಗಳಿಗೆ ಹೋಗುವ ಟೀಚರ್‌ಗಳು ಏಳು ಜನ. ನಮ್ಮನ್ನೆಲ್ಲ ದಿನಾ ಕರೆದೊಯ್ದು ಕರೆತರುವುದು ಅಪ್ಪನ ಕೆಲಸ. ಮಗಳೆಂಬ ಸಲುಗೆಗೆ ಮುಂದಿನ ಸೀಟು ನನ್ನದು, ಆ ದೀಪ ನನ್ನ ಕಣ್ಣ ಮುಂದೆಯೇ ಇರುತ್ತಿತ್ತು.

ಅದು ಅದಿರಿನ ಕಾಲ. ಘಾಟಿ ರಸ್ತೆಯಲ್ಲಿ ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಇಳಿಯುತ್ತಿದ್ದವು. ಗಿಡ, ಮೈಲಿಗಲ್ಲು, ಎಮ್ಮೆ, ಎಲ್ಲವೂ ಒಂದೇ ಕೆಂಪು. ನಾನು ಬಿಳಿ ಸೀರೆಯ ಆಸೆಯನ್ನು ಕೆಲಸಕ್ಕೆ ಸೇರಿದ ವಾರದಲ್ಲೇ ಬಿಟ್ಟೆ. ಸಂಜೆ ತಲೆ ತೊಳೆದರೆ ಬಚ್ಚಲ ನೀರು ಕೆಂಪಾಗಿ ಹರಿಯುತ್ತಿತ್ತು, ಅವ್ವ ಗೊಣಗುತ್ತಿದ್ದಳು. ಆ ಧೂಳನ್ನು ಅಷ್ಟು ಬೈದುಕೊಂಡೆನಲ್ಲ, ಈಗ ಹಳೆಯ ಸೂಟ್‌ಕೇಸಿನ ಮೂಲೆಯಲ್ಲಿ ಚಿಟಿಕೆ ಕೆಂಪು ಕಂಡರೆ ಒರೆಸಲು ಮನಸ್ಸು ಬರುವುದಿಲ್ಲ.

ಒಂದು ಬೆಳಿಗ್ಗೆ ಘಾಟಿಯ ಏರಿನಲ್ಲಿ, ಅಪ್ಪ ಆಕ್ಸಿಲರೇಟರ್ ಒತ್ತಿ ಒಂದು ಟಿಪ್ಪರನ್ನು ದಾಟುತ್ತಿದ್ದಾಗ ದೀಪ ಮಿಣುಕಿತು. ನಾನು ತೋರಿಸಿದೆ. "ಸುಮ್ನಿರವ್ವ, ವೈರ್ ಲೂಜ್ ಆಗಿರ್ತದ" ಎಂದ. ಮೇಲೆ ಹತ್ತಿ ಗಾಡಿ ನಿಧಾನವಾದಾಗ ಅದು ಆರಿತು. ಮರುದಿನ ಮತ್ತೆ ಹೊತ್ತಿತು. ಅಪ್ಪ ಕಡ್ಡಿ ಎಳೆದು ಆಯಿಲ್ ನೋಡಿದ, ಮಟ್ಟ ಸರಿಯಿತ್ತು. ವೈರನ್ನು ಉಜ್ಜಿ ಬಿಗಿದ. ದೀಪಕ್ಕೆ ಸುದ್ದಿ ಕೊಡುವ ಸ್ವಿಚ್ಚನ್ನೇ ಹೊಸದು ಹಾಕಿಸಿದ. ದೀಪ ಯಾವುದಕ್ಕೂ ಜಗ್ಗಲಿಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನವನು ಬಾನೆಟ್ಟಿನ ಮೇಲೆ ಕೈ ಇಟ್ಟು, ಎಂಜಿನ್ನಿನ ಸದ್ದನ್ನೂ ಪೂರ್ತಿ ಕೇಳದೆ, "ಬೇರಿಂಗ್ ಹೋಗ್ಯಾವ್ರಿ ಯಜಮಾನ್ರ. ಎಂಜಿನ್ ಇಳಸಬೇಕು" ಎಂದುಬಿಟ್ಟ. ಸದ್ಯಕ್ಕೆ ಎಂದು ಗಟ್ಟಿ ಆಯಿಲ್ ಹಾಕಿಕೊಟ್ಟ. ಅದನ್ನು ಹಾಕಿದ ಮೇಲೆ ಘಾಟಿಯ ಬುಡದಲ್ಲೇ ದೀಪ ಹೊತ್ತತೊಡಗಿತು.

ಇದಕ್ಕೇ ಕಾದಿದ್ದವನಂತೆ ಚಿಕ್ಕಪ್ಪ ಮನೆಗೆ ಬಂದ. ಊರಲ್ಲಿ ಕೈಕಾಲು ನೆಟ್ಟಗಿದ್ದವರೆಲ್ಲ ಟಿಪ್ಪರ್ ಕೊಳ್ಳುತ್ತಿದ್ದ ಕಾಲ. ಭತ್ತದ ವ್ಯಾಪಾರದ ಚಿಕ್ಕಪ್ಪನಿಗೂ ಆ ಗಾಳಿ ಹೊಡೆದಿತ್ತು.

"ಅಣ್ಣಾ, ಇದರ ಕಥಿ ಮುಗೀತು ಬಿಡು. ಇದನ್ನ ಮಾರಿ ಇಬ್ಬರೂ ಕೂಡಿ ಟಿಪ್ಪರ್ ಹಾಕೋಣು. ಡ್ರೈವರ್ ಇಡೋಣು. ನೀ ಮನ್ಯಾಗ ಆರಾಮ ಕುಂದ್ರು."

"ಮನ್ಯಾಗ ಕುಂತು ಏನ್ ಮಾಡ್ಲಿ? ನೊಣ ಹೊಡೀಲೇನು?" ಎಂದ ಅಪ್ಪ. ಆದರೆ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಊಟದ ಹೊತ್ತಿಗೆ ತಾನಾಗಿಯೇ, "ಎಂಜಿನ್ ಇಳಸೋದಾದ್ರ ಮಾರಿಬಿಡ್ತೀನಿ. ಅದನ್ನ ಬಿಚ್ಚಿ ಹರವಿದ್ದು ನೋಡಾಕ ನನಗ ಆಗಂಗಿಲ್ಲ" ಎಂದ.

ಅಪ್ಪನಿಗೆ ಆಗ ಅರವತ್ತು ದಾಟಿತ್ತು. ಹಬ್ಬದ ರಜೆಯಲ್ಲಿ ಎರಡು ದಿನ ವ್ಯಾನ್ ನಿಂತರೆ ಸಾಕು, ಅವನ ಮೈಯಲ್ಲಿ ಇಲ್ಲದ ನೋವೆಲ್ಲ ಏಳುತ್ತಿತ್ತು, ಅವ್ವನ ಅಡಿಗೆಯಲ್ಲಿ ಉಪ್ಪು ಹೆಚ್ಚಾಗುತ್ತಿತ್ತು. ವ್ಯಾನ್ ಹೋದರೆ ಅಪ್ಪನೂ ಹೋದ ಹಾಗೆ ಎಂದು ನನಗೆ ಗೊತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಮನೆತನ ನಮ್ಮದಲ್ಲ.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಪಟ್ಟಿ ಮಾಡುವುದು. ಪಾಠದ ಡೈರಿಯ ಹಿಂಬದಿಯಲ್ಲಿ ಗೆರೆ ಹೊಡೆದೆ. ಜಾಗ, ಗಾಡಿ ನಿಂತಿತ್ತೋ ಓಡುತ್ತಿತ್ತೋ, ದೀಪ ಹೊತ್ತಿತೋ ಇಲ್ಲವೋ. ಮಕ್ಕಳ ಅಂಕಪಟ್ಟಿಯ ಅಭ್ಯಾಸದಿಂದ ಕೊನೆಗೆ 'ಕಾರಣ' ಎಂದು ಇನ್ನೊಂದು ಅಂಕಣ ಬರೆದು, ತುಂಬಿಸಲು ಏನೂ ತಿಳಿಯದೆ ಖಾಲಿ ಬಿಟ್ಟೆ. ನಾಲ್ಕು ದಿನ ಬರೆದೆ. ಅಪ್ಪ ಓರೆಗಣ್ಣಲ್ಲಿ ನೋಡಿ, "ನನ್ನ ಗಾಡಿಗೂ ಪರೀಕ್ಷಿ ಇಟ್ಟೀಯೇನು? ಫೇಲ್ ಮಾಡಬ್ಯಾಡವ್ವ" ಎಂದ. ಹಿಂದೆ ಕೂತವರು ನಕ್ಕರು. ಅವನು ನಗಲಿಲ್ಲ.

ಭಾನುವಾರ ಅವನನ್ನು ಕಾಡಿ ಬೇಡಿ ಕಂಪ್ಲಿಗೆ ಹೊರಡಿಸಿದೆ. ಬೇರೊಬ್ಬರಿಂದ ಈ ಹಳೆಯ ವ್ಯಾನ್ ಕೊಳ್ಳುವ ಮೊದಲು ಅಪ್ಪ ಕಂಪ್ಲಿಯ ಒಂದು ರೈಸ್‌ಮಿಲ್ಲಿನಲ್ಲಿ ದುಡಿದವನು. ಅಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯೇ ಅವನಿಗೆ ಸ್ಪಾನರ್ ಹಿಡಿಯಲು ಕಲಿಸಿದ್ದು. ರಕ್ತಸಂಬಂಧವೇನೂ ಇಲ್ಲ, ಆದರೂ ಅಪ್ಪನಿಗೆ ಅವನು ಮಾವ, ಅವನಿಗೆ ಅಪ್ಪ ಅಳಿಯ, ನನಗೆ ಅವನು ತಾತ. ನಾವು ಹೋದಾಗ ತಾತ ಎಮ್ಮಿಗನೂರಿನಲ್ಲಿ ಯಾರದೋ ಪಂಪಿನ ಎಂಜಿನ್ ರಿಪೇರಿ ಮಾಡಿ ಆಗಷ್ಟೇ ಬಂದು, ಬೇವಿನ ಮರದ ಕೆಳಗೆ ಮಂಡಕ್ಕಿ ತಿನ್ನುತ್ತಿದ್ದ.

"ಬೇರಿಂಗ್ ಹೋಗ್ಯಾವಂತ ಮಾವ" ಎಂದ ಅಪ್ಪ, ಕೂರುವ ಮೊದಲೇ.

"ಯಾವಾನು ಹೇಳಿದ್ದು? ಬಿಚ್ಚಿ ನೋಡ್ಯಾನ?"

"ಇಲ್ಲ."

"ಮತ್ತ? ಕನಸು ಬಿದ್ದಿತ್ತೇನು?" ತಾತ ಕೈ ಝಾಡಿಸಿ ಎದ್ದ. "ದೀಪ ಯಾವಾಗ ಹತ್ತತೈತಿ? ನಿಂತಾಗೋ, ಓಡುವಾಗೋ?"

"ಯಾವಾಗ್ಲೂ ಹತ್ತತೈತಿ" ಎಂದ ಅಪ್ಪ, ಹತಾಶನಾಗಿ.

"ಇಲ್ಲ ತಾತ" ಎಂದು ನಾನು ಡೈರಿ ಬಿಚ್ಚಿ ಓದಿದೆ. ಸಂಡೂರಿನಲ್ಲಿ ರೈಲ್ವೆ ಗೇಟು ಹಾಕಿದ್ದಾಗ ಬಿಸಿಲಲ್ಲಿ ಕಾಲು ಗಂಟೆ ಎಂಜಿನ್ ಓಡುತ್ತಾ ನಿಂತಿತ್ತು, ದೀಪ ಹೊತ್ತಲಿಲ್ಲ. ಘಾಟಿ ಏರುವಾಗ ಹೊತ್ತಿತು. ಟಿಪ್ಪರ್ ದಾಟುವಾಗ ಹೊತ್ತಿತು. ನಿಧಾನ ಮಾಡಿದರೆ ಆರಿತು. ಗಟ್ಟಿ ಆಯಿಲ್ ಹಾಕಿದ ಮೇಲೆ ಬೆಳಗಿನ ತಣ್ಣನೆಯ ಹೊತ್ತಲ್ಲಿ ಇನ್ನೂ ಬೇಗ ಹೊತ್ತುತ್ತಿದೆ.

ತಾತ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಅಳಿಯಾ, ಬೇರಿಂಗ್ ಹೋದ ಎಂಜಿನ್ನು ಬಿಸಿಯಾಗಿ ನಿಂತಾಗ ಅಳ್ತದ, ಓಡುವಾಗ ಸುಮ್ನಾಗ್ತದ. ಗಟ್ಟಿ ಆಯಿಲ್ ಹಾಕಿದ್ರ ಇನ್ನೂ ಆರಾಮ ಇರ್ತದ. ನಿಂದು ಎಲ್ಲಾ ಉಲ್ಟಾ ಐತಿ. ನಿನ್ನ ಮಗಳಿಗಿರೋ ಬುದ್ಧಿ ಆ ಗ್ಯಾರೇಜಿನವಗ ಇಲ್ಲ" ಎಂದ.

ಹೊಗಳಿಕೆಗೆ ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಆದರೂ ತಾತ ಬರೀ ಮಾತಿನ ಮೇಲೆ ನಿಲ್ಲಲಿಲ್ಲ. ದೀಪದ ಸ್ವಿಚ್ ಬಿಚ್ಚಿ, ಆ ಜಾಗದಲ್ಲಿ ಉದ್ದ ಪೈಪಿನ ಪ್ರೆಶರ್ ಮೀಟರ್ ತಿರುಗಿಸಿ ಕೂರಿಸಿದ. ಎಂಜಿನ್ ಶುರುಮಾಡಿಸಿದ. ಮುಳ್ಳು ಎದ್ದು ಸರಿಯಾದ ಜಾಗದಲ್ಲಿ ನಿಂತಿತು. "ಒತ್ತು" ಎಂದ. ಅಪ್ಪ ಆಕ್ಸಿಲರೇಟರ್ ಒತ್ತಿದ. ಮುಳ್ಳು ಇನ್ನಷ್ಟು ಏರಿತು, ನಡುಗಿತು, ಏರಬೇಕಾದ ಕಡೆ ಜಾರಿ ಕೆಳಗೆ ಬಿತ್ತು. ಬಿಟ್ಟ ಕೂಡಲೇ ಮತ್ತೆ ಎದ್ದಿತು.

"ಪಂಪು ಚಲೋ ಐತಿ, ಬೇರಿಂಗೂ ಚಲೋ ಐತಿ" ಎಂದ ತಾತ. "ಸ್ವಲ್ಪ ಕುಡಿಯಾಕ ಬಿಡ್ತದ, ಜಾಸ್ತಿ ಕುಡೀತೀನಂದ್ರ ಯಾರೋ ಬಾಯಿಗೆ ಕೈ ಅಡ್ಡ ಹಿಡ್ಯಾಕ ಹತ್ಯಾರ. ಚೇಂಬರ್ ಇಳಸು. ಎಂಜಿನ್ ಬ್ಯಾಡ, ಚೇಂಬರ್ ಸಾಕು."

ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ಬೋಗುಣಿ. ಅದರೊಳಗೆ ಮುಳುಗಿದ ಒಂದು ಜಾಲರಿಯ ಮೂಲಕ ಪಂಪು ಆಯಿಲ್ ಹೀರಿಕೊಳ್ಳುತ್ತದೆ. ಆ ಮಾತು ಕೇಳಿ ಖುಷಿಪಡಬೇಕಾದ ಅಪ್ಪ ಯಾಕೋ ಮಂಕಾದ. "ಇವತ್ತ ಬಿಚ್ಚಬೇಕೇನು ಮಾವ?" ಎಂದ. ತಾತ ಆಗಲೇ ಅಂಗಿ ಕಳಚಿ ಗೋಣಿತಾಟಿನ ಮೇಲೆ ಮಲಗಿ ಗಾಡಿಯಡಿಗೆ ಸರಿದಿದ್ದ.

ಆಯಿಲ್ ಇಳಿಸಿ ಬೋಲ್ಟುಗಳನ್ನು ಬಿಚ್ಚಿ ಚೇಂಬರ್ ತೆಗೆದಾಗ ನಾನೂ ಬಗ್ಗಿ ನೋಡಿದೆ. ಜಾಲರಿಯ ಬಾಯಿಗೆ ಏನೋ ಅಂಟಿತ್ತು. ಮೈತುಂಬ ಕಪ್ಪು ಕೂದಲು ಬೆಳೆದ ಹುಳದಂತೆ ಕಂಡಿತು. ತಾತ ಕಿತ್ತು ತೆಗೆದು ಡೀಸೆಲ್ಲಿನಲ್ಲಿ ತೊಳೆದ. ಕಬ್ಬಿಣದ ಪುಡಿಯೆಲ್ಲ ಕಳಚಿದ ಮೇಲೆ ಉಳಿದದ್ದು ದುಂಡನೆಯ ಒಂದು ಮ್ಯಾಗ್ನೆಟ್ಟು, ಸಣ್ಣ ರೇಡಿಯೋದ ಸ್ಪೀಕರಿನದು.

ಆ ದಿನಗಳಲ್ಲಿ ನಮ್ಮ ಕಡೆಯ ಡ್ರೈವರುಗಳಲ್ಲಿ ಇಂಥದ್ದೊಂದು ನಂಬಿಕೆ ಹಬ್ಬಿತ್ತು. ಹಗಲೂ ಇರುಳೂ ಅದಿರಿನ ಧೂಳಲ್ಲಿ ಓಡುವ ಗಾಡಿಯ ಆಯಿಲಿಗೆ ಆ ಕಬ್ಬಿಣದ ಧೂಳು ಇಳಿಯುತ್ತದೆ, ಚೇಂಬರಿನಲ್ಲಿ ಒಂದು ಮ್ಯಾಗ್ನೆಟ್ ಹಾಕಿದರೆ ಅದನ್ನೆಲ್ಲ ಹಿಡಿದಿಟ್ಟು ಎಂಜಿನ್ ಕಾಯುತ್ತದೆ ಎಂದು. ಘಾಟಿ ಬುಡದ ಚಾದಂಗಡಿಯಲ್ಲಿ ಈ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ನಾನೇ ಕೇಳಿದ್ದೆ. ಇಲ್ಲಿ ಅದು ಪುಡಿ ಹಿಡಿಯುತ್ತಾ ಹಿಡಿಯುತ್ತಾ ತಳದ ಹಿಡಿತ ಸಡಿಲಿ, ಯಾವುದೋ ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಮೇಲೆ ಹಾರಿ, ಜಾಲರಿಗೇ ಕಚ್ಚಿಕೊಂಡು ಕೂತಿತ್ತು.

ನಾನು ಅಪ್ಪನ ಮುಖ ನೋಡಿದೆ. ಅವನು ಮ್ಯಾಗ್ನೆಟ್ ನೋಡುತ್ತಿರಲಿಲ್ಲ, ತನ್ನ ಚಪ್ಪಲಿ ನೋಡುತ್ತಿದ್ದ. ಆಗ ನನಗೆ ನಮ್ಮ ಮನೆಯ ಶೆಲ್ಫಿನ ಮೇಲೆ ಎರಡು ವರ್ಷದಿಂದ ಮೂಕವಾಗಿ ಕೂತ ಅವ್ವನ ರೇಡಿಯೋ ನೆನಪಾಯಿತು. ಚೇಂಬರ್ ಸೋರುತ್ತದೆ ಎಂದು ಅಪ್ಪ ಅಂಗಳದಲ್ಲಿ ಮಲಗಿ ತಾನೇ ಅದರ ಅಂಚಿನ ಪ್ಯಾಕಿಂಗ್ ಬದಲಿಸಿದ ವಾರವೇ ಅದು ಕೆಟ್ಟದ್ದು. "ಸ್ಪೀಕರ್ ಸುಟ್ಟೈತಿ" ಎಂದಿದ್ದ.

ತಾತ ಪ್ಯಾಕಿಂಗ್ ಸವರಿ ನೋಡಿದ. ಅದು ಗಾಡಿ ಅಪ್ಪನ ಕೈಗೆ ಬಂದ ಮೇಲೆ ಹಾಕಿದ್ದು ಎಂದು ಅವನ ಬೆರಳಿಗೆ ತಿಳಿಯದ್ದೇನಲ್ಲ. ಅಪ್ಪನ ಮುಖವನ್ನೂ ನೋಡಿದ. ಆಮೇಲೆ ಮ್ಯಾಗ್ನೆಟ್ಟನ್ನು ಕೈ ಒರೆಸುವ ಕಾಟನ್ ವೇಸ್ಟಿನಲ್ಲಿ ಸುತ್ತಿ ಅಪ್ಪನ ಕೈಗಿಟ್ಟು, "ನಿನಗ ಗಾಡಿ ಕೊಟ್ಟಾವ ಹಾಕಿರಬೇಕು ಬಿಡು ಅಳಿಯಾ. ಎಂಥೆಂಥಾ ಮಂದಿ ಇರ್ತಾರ" ಎಂದ.

"ಇರಬೇಕು" ಎಂದ ಅಪ್ಪ.

ನನಗೆ ಮೈಯೆಲ್ಲ ಉರಿಯಿತು. ಅವ್ವನ ರೇಡಿಯೋ ಹಾಳು, ಹತ್ತು ದಿನದ ನಿದ್ದೆ ಹಾಳು, ಇಷ್ಟಾದರೂ ಒಪ್ಪಿಕೊಳ್ಳುವ ಬಾಯಿಲ್ಲ! ಶಾಲೆಯಲ್ಲಿ ಹುಡುಗರು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ತಾತ ಚೇಂಬರ್ ತೊಳೆದು ಕೂರಿಸಿ ಸರಿಯಾದ ಆಯಿಲ್ ಹಾಕಿದ. ಆಕ್ಸಿಲರೇಟರ್ ಒತ್ತಿದಂತೆಲ್ಲ ಮುಳ್ಳು ಗಟ್ಟಿಯಾಗಿ ನಿಂತಿತು. ವ್ಯಾನ್ ಉಳಿಯಿತು. ಹಿಂತಿರುಗುವಾಗ ನಾನು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತೆ.

ಸೋಮವಾರ ಬೆಳಿಗ್ಗೆ ಘಾಟಿ ಬುಡದ ಚಾದಂಗಡಿಯ ಮುಂದೆ ಅಪ್ಪ ವ್ಯಾನ್ ನಿಲ್ಲಿಸಿದ. ಟೀಚರ್‌ಗಳು ಕೂತಿರುವಾಗ ಅವನು ಹಾಗೆ ನಿಲ್ಲಿಸಿದ್ದೇ ಇಲ್ಲ. ಹಿಂದಿನಿಂದ ಯಾರೋ, "ಪ್ರಾರ್ಥನಿ ಶುರುವಾಗ್ತದ್ರಿ" ಎಂದರು. ಅವನು ಕೇಳಿಸಿಕೊಳ್ಳದೆ ಇಳಿದು ಹೋದ. ಕಲ್ಲುಬೆಂಚಿನ ಮೇಲೆ ಏಳೆಂಟು ಟಿಪ್ಪರ್ ಡ್ರೈವರುಗಳು ಮಿರ್ಚಿ ತಿನ್ನುತ್ತಿದ್ದರು. ಅಪ್ಪ ಜೇಬಿನಿಂದ ಆ ಗಂಟು ತೆಗೆದು ಬಿಚ್ಚಿ ಅಂಗೈಯಲ್ಲಿ ಹಿಡಿದ.

"ಇದನ್ನ ನಾನ ಹಾಕಿದ್ದೆ. ನನ್ನ ಕೈಯಾರೆ" ಎಂದ. ದನಿ ವ್ಯಾನಿನವರೆಗೂ ಕೇಳಿಸುತ್ತಿತ್ತು. "ಗಾಡಿ ಭಾಳ ದಿನ ಬಾಳ್ಲಿ ಅಂತ ಹಾಕಿದ್ದೆ. ಅದರ ಬಾಯಿಗೇ ಕುಂತು ಕೊಲ್ಲಾಕ ಹತ್ತಿತ್ತು. ಬೇರಿಂಗ್ ಹೋತಂತ ಮಾರಾಕ ನಿಂತಿದ್ದೆ ನಾನು. ನೀವೂ ಹಾಕಿದ್ರ ಜಲ್ದಿ ತಗಸ್ರಪ್ಪ."

ಯಾರೂ ನಗಲಿಲ್ಲ. ಒಬ್ಬ ಚಹಾದ ಗ್ಲಾಸು ಕೆಳಗಿಟ್ಟು ತನ್ನ ಟಿಪ್ಪರ್ ಕಡೆ ತಿರುಗಿ ನೋಡಿದ. ಇನ್ನೊಬ್ಬ ಎದ್ದು ಬಂದು ಮ್ಯಾಗ್ನೆಟ್ಟನ್ನು ಕೈಗೆ ತೆಗೆದುಕೊಂಡು ಏನೋ ಕೇಳತೊಡಗಿದ.

ಅಪ್ಪ ಬಂದು ಸೀಟಿನಲ್ಲಿ ಕೂತ. ಕೀಲಿ ತಿರುಗಿಸಿದ. ದೀಪ ಹೊತ್ತಿತು, ಆರಿತು. ಗಾಡಿ ಘಾಟಿ ಏರತೊಡಗಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ, ನನಗಷ್ಟೇ ಕೇಳುವಂತೆ ಹೇಳಿದ. "ನಿನ್ನ ಪಟ್ಟಿಯಾಗ ಕಾರಣ ಅಂತ ಖಾಲಿ ಬಿಟ್ಟೀಯಲ್ಲವ್ವ. ಅಲ್ಲಿ ಬರಕೋ, ನಮ್ಮಪ್ಪ ಅಂತ."

ಹಿಂದಿನ ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಟೀಚರ್‌ಗಳು ನೋಡುತ್ತಾರೆಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ.

ಆ ವ್ಯಾನ್ ಇನ್ನೂ ಆರು ವರ್ಷ ಓಡಿತು. ಗಣಿಗಳು ನಿಂತು ರಸ್ತೆ ಬಿಕೋ ಎಂದ ಮೇಲೂ ಅಪ್ಪ ಅದನ್ನು ಓಡಿಸುತ್ತಿದ್ದ. ಈಗ ಅವನೂ ಇಲ್ಲ, ವ್ಯಾನೂ ಇಲ್ಲ. ಡೈರಿ ನನ್ನ ಹತ್ತಿರ ಇದೆ. ನಾಲ್ಕು ದಿನದ ಸಾಲುಗಳು ಹಾಗೇ ಇವೆ, ಪುಟದ ಅಂಚಿನಲ್ಲಿ ಕೆಂಪು ಧೂಳಿದೆ. ಕೊನೆಯ ಅಂಕಣವನ್ನು ನಾನು ಖಾಲಿಯೇ ಬಿಟ್ಟೆ.