ಹುಬ್ಬೆ ಮಳೆಯ ಪದ

ಮೈಮೇಲೆ ದೇವರು ಬರುತ್ತದೆ, ಸತ್ತವರು ಮಾತಾಡುತ್ತಾರೆ ಎನ್ನುವವರನ್ನು ಕಂಡರೆ ಹದಿನೆಂಟನೆಯ ವಯಸ್ಸಿನಲ್ಲಿ ನನಗೆ ನಗು ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಟೀಚರ್ ಟ್ರೈನಿಂಗಿಗೆ ಸೇರಿದ್ದ ಹುಡುಗಿ ನಾನು. ಯಾರಾದರೂ ಅಂಥ ಕಥೆ ತೆಗೆದರೆ ‘ಎಲ್ಲ ನಾಟಕ’ ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದೆ. ಈಗಲೂ ನಾನು ಇಂಥದ್ದನ್ನು ಸುಲಭಕ್ಕೆ ನಂಬುವವಳಲ್ಲ. ಆದರೆ ಮಧುಗಿರಿಯ ಶಾಲೆ ಬಯಲಿನಲ್ಲಿ, ಹಾಡಹಗಲಲ್ಲಿ, ಅಷ್ಟೊಂದು ಜನರ ಎದುರು ನಡೆದದ್ದನ್ನು ಹಾಗೆ ತಳ್ಳಿಹಾಕುವುದು ನನ್ನಿಂದ ಆಗಿಲ್ಲ. ನಾಟಕ ಆಡಿದ್ದರೆ ನಾನೇ ಆಡಿರಬೇಕಿತ್ತು. ನಾನು ಆಡಲಿಲ್ಲ.

ಅರವತ್ತರ ದಶಕದ ಆರಂಭ. ಯುಗಾದಿ ಕಳೆದ ಮೇಲೆ ಮಧುಗಿರಿಯಲ್ಲಿ ಜನಪದ ಹಾಡಿನ ಮೇಳ ನಡೆಯುತ್ತದೆ ಎಂದು ಸುದ್ದಿ ಬಂತು. ಸಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯ ಹಾಡುಗಾರರೂ ಬರುತ್ತಾರಂತೆ, ಮೈಕ್ ಇರುತ್ತದಂತೆ, ಹೆಂಗಸರ ಪದಗಳಿಗೆ ಪಂದ್ಯವೇ ಇದೆಯಂತೆ! ಐ.ಡಿ.ಹಳ್ಳಿ ಹೋಬಳಿಯ ನಮ್ಮ ಸಣ್ಣ ಊರಿನಲ್ಲಿ ಅಂದಿನಿಂದ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲರಿಗಿಂತ ಹೆಚ್ಚು ಕುಣಿದವಳು ನನ್ನ ದೊಡ್ಡಮ್ಮ. ನಮ್ಮೂರ ಹಾಡಿನ ಗುಂಪಿಗೆ ಅವಳೇ ಮುಂದಾಳು. ಹಿಂದಿನ ವರ್ಷ ಸಿದ್ದರಬೆಟ್ಟದ ಕಡೆಯ ಹೆಂಗಸರ ಎದುರು ಒಂದು ಮದುವೆಯಲ್ಲಿ ಸೋತು ಬಂದಿದ್ದಳು. ‘ಈ ಸಲಾನೂ ಸೋತ್ರೆ ಇನ್ನು ಜಲ್ಮದಾಗೆ ಬಾಯ್ ತೆಗೆಯಾಕಿಲ್ಲ’ ಎಂದು ಊರೆಲ್ಲ ಕೇಳುವಂತೆ ಶಪಥ ಮಾಡಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ.

ಪಂದ್ಯಕ್ಕೆ ಇಟ್ಟಿದ್ದು ಮಳೆ ಪದ. ರೈತರಿಗೆ ವರ್ಷವೆಂದರೆ ಅಶ್ವಿನಿಯಿಂದ ರೇವತಿವರೆಗಿನ ಇಪ್ಪತ್ತೇಳು ಮಳೆ. ಹೊಲದಲ್ಲಿ ಕಳೆ ಕೀಳುವಾಗ ಒಂದೊಂದು ಮಳೆಗೂ ಒಂದೊಂದು ಪದ ಹಾಡುತ್ತಾರೆ. ಪಂದ್ಯದಲ್ಲಿ ಒಂದು ಕಡೆಯವರು ಅಶ್ವಿನಿ ಹಾಡಿದರೆ ಇನ್ನೊಂದು ಕಡೆಯವರು ಭರಣಿ ಹಾಡಬೇಕು, ಮತ್ತೆ ಇವರು ಕೃತ್ತಿಕೆ. ಪದ ಬಾರದೆ ನಿಂತವರು ಸೋತರು.

ನಮ್ಮಲ್ಲಿ ಒಂದು ಕೊರತೆಯಿತ್ತು. ಹುಬ್ಬೆ ಮಳೆಯ ಪದ ನಮ್ಮೂರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದು ಹೇಗೋ ಹಿಂದೆಯೇ ಕಳೆದುಹೋಗಿತ್ತು. ಲೆಕ್ಕ ಹಾಕಿದರೆ ಹನ್ನೊಂದನೆಯ ಮಳೆಯಾದ ಹುಬ್ಬೆ ಮೊದಲು ಹಾಡುವವರ ಪಾಲಿಗೇ ಬರುತ್ತಿತ್ತು. ಹಾಗಾಗಿ ದೊಡ್ಡಮ್ಮ ಎಲ್ಲಿ ಹೋದರೂ ‘ನೀವೇ ಸುರು ಮಾಡ್ರಮ್ಮ’ ಎಂದು ಭಾರೀ ಮರ್ಯಾದೆ ತೋರಿಸುತ್ತಿದ್ದಳು.

‘ಹೊಸದೊಂದು ಪದ ಕಟ್ಟಿಕೊಂಡರೆ ಆಗಲ್ವಾ ದೊಡ್ಡಮ್ಮ?’ ಎಂದು ಕೇಳಿದ್ದೆ.

‘ಕಟ್ಕೊಂಡು ಹಾಡಾಕೆ ಇದೇನು ನಾಟ್ಕದ ಕಂಪ್ನೀನೇನೇ? ಬಂದಿದ್ದು ಹಾಡ್ಬೇಕು, ಇಲ್ಲ ಸುಮ್ಕಿರ್ಬೇಕು’ ಎಂದು ಗದರಿಸಿದ್ದಳು.

ಆ ದಿನ ಎರಡು ಗಾಡಿ ಕಟ್ಟಿಕೊಂಡು ಹೊರಟೆವು. ಬಯಲಿಗೆ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಬೆಟ್ಟದ ಬಂಡೆಯ ಮೇಲೂ ಜನ ಹತ್ತಿ ಕೂತಿದ್ದರು. ಒಂದು ಕಡೆ ಕೋಲಾಟ, ಒಂದು ಕಡೆ ತಮಟೆ, ಸಿರಾ ಕಡೆಯ ಗೊಲ್ಲರು ಊದುತ್ತಿದ್ದ ಉದ್ದನೆಯ ಬಿದಿರಿನ ಕೊಳಲು. ನಾನು ಗುಂಪಿನಲ್ಲಿ ಕೊನೆಯವಳು, ಹಿಂದೆ ನಿಂತು ಸೊಲ್ಲು ಎತ್ತಿಕೊಳ್ಳುವುದಷ್ಟೇ ನನ್ನ ಕೆಲಸ.

ಸುತ್ತು ಸುತ್ತು ದಾಟಿ ಮೂರು ಗಂಟೆ ಹೊತ್ತಿಗೆ ಕೊನೆಗೆ ಉಳಿದವರು ನಾವು ಮತ್ತು ಪಾವಗಡದಾಚೆಯ ನಿಡುಗಲ್ ಕಡೆಯವರು. ಅವರ ಮುಂದಾಳು ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಮಾತಿನಲ್ಲಿ ಅರ್ಧ ತೆಲುಗು. ಎಲ್ಲರೂ ಓಬಳಮ್ಮ ಎಂದು ಕರೆಯುತ್ತಿದ್ದರು.

‘ನೀವೇ ಸುರು ಮಾಡ್ರಮ್ಮ’ ಎಂದಳು ದೊಡ್ಡಮ್ಮ.

‘ಲೇದಮ್ಮ, ಮೀರೇ ಮೊದ್ಲು ಹಾಡಿ’ ಎಂದಳು ಓಬಳಮ್ಮ.

ಇವಳು ‘ನೀವು’, ಅವಳು ‘ಮೀರು’. ಜನ ನಗತೊಡಗಿದರು. ಕೊನೆಗೆ ತೀರ್ಪು ಹೇಳಲು ಕೂತಿದ್ದ ಮೇಷ್ಟ್ರು ಚೀಟಿ ಎತ್ತಿಸಿದರು. ಬಂದದ್ದು ನಮ್ಮ ಹೆಸರು. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು.

ಆದರೂ ಹಾಡಿದಳು ನೋಡಿ, ಅಂಥ ಹಾಡುಗಾರಿಕೆ ನಾನು ಮತ್ತೆ ಕೇಳಿಲ್ಲ! ಅಶ್ವಿನಿಗೆ ಭರಣಿ, ರೋಹಿಣಿಗೆ ಮೃಗಶಿರ. ಅವರು ಆರಿದ್ರೆಯನ್ನು ಎಳೆದು ಹಾಡಿದರೆ ನಾವು ಪುನರ್ವಸುವನ್ನು ಜಗ್ಗಿ ಹಾಡಿದೆವು. ಪದಕ್ಕೊಮ್ಮೆ ಶಿಳ್ಳೆ, ಕೇಕೆ. ಈ ಅಬ್ಬರದಲ್ಲಿ ಓಬಳಮ್ಮ ಮಖೆ ಮಳೆಯ ಪದ ಮುಗಿಸಿದಳು. ಮುಂದಿನದು ಹುಬ್ಬೆ. ನಮ್ಮದು.

ದೊಡ್ಡಮ್ಮ ಬಾಯಿ ತೆರೆದಳು, ಮುಚ್ಚಿದಳು. ಮೇಷ್ಟ್ರು ಎಣಿಸತೊಡಗಿದರು, ‘ಒಂದು... ಎರಡು...’ ಅವಳು ಹಿಂದಕ್ಕೆ ಕೈ ಚಾಚಿ ನನ್ನ ಕೈ ಹಿಡಿದಳು. ಆಗ ನನಗೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಕಣ್ಣಿಗೆ ಕತ್ತಲೆ ಬರಲಿಲ್ಲ, ಮೈ ಜುಮ್ಮೆನ್ನಲಿಲ್ಲ. ದಿನಾ ಹಾಡುವ ಪದದ ಹಾಗೆ ಅದು ಸರಾಗವಾಗಿ ಬಾಯಿಗೆ ಬಂತು. ಎರಡು ಹೆಜ್ಜೆ ಮುಂದೆ ಬಂದು ಹಾಡಿದೆ:

ಉಬ್ಬೆ ಮಳೆ ಬಂದಾವೋ, ಹಬ್ಬಿ ಹಳ್ಳ ಹರಿದಾವೋ
ಗುಬ್ಬಿ ಗೂಡೆಲ್ಲ ನೆನೆದಾವೋ, ನನ ಚಿಕ್ಕಿ
ಕದವಿಕ್ಕಿ ಮಲಗೆ, ಕಾಯ್ಬ್ಯಾಡೆ

ಬಯಲು ಒಮ್ಮೆಲೆ ಹೋ ಎಂದಿತು. ನಮ್ಮೂರವರು ಟವೆಲು ತೂರಿದರು. ನಾನು ನಗುತ್ತಾ ತಿರುಗಿದಾಗಲೇ ನನಗೆ ಹೊಳೆದದ್ದು, ಈ ಪದ ನನಗೆ ಗೊತ್ತೇ ಇರಲಿಲ್ಲ.

ಉತ್ತರೆ ಮಳೆ ಹಾಡಬೇಕಾದ ಓಬಳಮ್ಮ ಹಾಡಲಿಲ್ಲ. ನೇರ ನನ್ನ ಹತ್ತಿರ ಬಂದು ಎರಡೂ ಭುಜ ಹಿಡಿದಳು.

‘ಯಾರಮ್ಮಾಯಿ ನಿಂಗೆ ಈ ಪದ ಹೇಳ್ಕೊಟ್ಟಿದ್ದು? ಚೆಪ್ಪು, ಹೇಳು.’

‘ಯಾರೂ ಇಲ್ಲಮ್ಮ. ಹಂಗೇ ಬಂತು.’

‘ಇದು ನಮ್ಮಕ್ಕ ಕಟ್ಟಿದ್ದು. ಚಿಕ್ಕಿ ಅಂದ್ರೆ ನಾನು. ಅವ್ಳು ಬುಟ್ರೆ ಇನ್ಯಾರೂ ನನ್ನ ಹಂಗೆ ಕರೀಲಿಲ್ಲ.’

ನಾವು ಹಾಡುತ್ತಿದ್ದ ಶಾಲೆ ಜಗುಲಿಯ ತುದಿಯಲ್ಲೇ ಕೂತು ಹೇಳಿದಳು. ನಲವತ್ತು ವರ್ಷದ ಹಿಂದೆ, ಹುಬ್ಬೆ ಮಳೆಯ ಒಂದು ಸಂಜೆ, ಕರು ಹುಡುಕಲು ಹೋದ ಅಕ್ಕ ಹಳ್ಳದಲ್ಲಿ ಕೊಚ್ಚಿಹೋದಳಂತೆ. ಹೋಗುವಾಗ ತಾನೇ ಕಟ್ಟಿದ ಈ ಪದವನ್ನು ಗುನುಗುತ್ತಾ ಹೋಗಿದ್ದಳಂತೆ. ಅಂದಿನಿಂದ ಅವರ ಗುಂಪಿನಲ್ಲಿ ಹುಬ್ಬೆಯ ಪದವನ್ನು ಯಾರೂ ಹಾಡುವುದಿಲ್ಲ. ‘ಅದ್ಕೇ ನಿಮ್ಮನ್ನ ಮೊದ್ಲು ಹಾಡಿ ಅಂದಿದ್ದು. ಆ ಪದ ನಮ್ ಪಾಲಿಗೆ ಬಂದ್ರೆ ಸೋಲೋದೇ ಅಂತಿದ್ದೆ. ಸೋತ್ರೂ ಬಾಯಿಗೆ ತರ್ತಿರ್ಲಿಲ್ಲ’ ಎಂದಳು.

ಆಮೇಲೆ ದನಿ ತಗ್ಗಿಸಿ ಹೇಳಿದಳು: ‘ಆದ್ರೆ ಅಮ್ಮಾಯಿ, ಕೊನೆ ಸಾಲು ಇದಲ್ಲ. ಅವ್ಳು ಹಾಡಿದ್ದು, ಕದ ತೆಗೆದು ನಿಲ್ಲೆ, ಬರ್ತೀನಿ ಅಂತ. ಅದ್ಕೇ ನಾನು ಈವರ್ಗೂ ಉಬ್ಬೆ ಮಳೆಯಾಗ ಕದ ಹಾಕಿಲ್ಲ ಕಣಮ್ಮ. ಮನೆಯೊಳ್ಗೆ ನೀರು ನುಗ್ಗಿದ್ರೂ ಹಾಕಿಲ್ಲ.’

ಅವಳು ಅಳಲಿಲ್ಲ. ನನ್ನಿಂದ ‘ಕದವಿಕ್ಕಿ ಮಲಗೆ’ ಎಂಬ ಸಾಲನ್ನು ಇನ್ನೊಮ್ಮೆ ಹೇಳಿಸಿದಳು, ಮತ್ತೊಮ್ಮೆ ಹೇಳಿಸಿದಳು. ತಾನೂ ಮೆಲ್ಲಗೆ ಹೇಳಿಕೊಂಡಳು. ಎದ್ದು ಮೇಷ್ಟ್ರ ಕಡೆ ತಿರುಗಿ, ‘ನಾವ್ ಸೋತ್ವಿ ಸಾರ್’ ಎಂದು ಗಟ್ಟಿಯಾಗಿ ಹೇಳಿ ತನ್ನವರ ಜತೆ ಇಳಿದು ಹೋದಳು.

ದೊಡ್ಡಮ್ಮನಿಗೆ ಗೆದ್ದ ಸಂಭ್ರಮ ಒಂದು ಕಡೆ, ನನ್ನ ಮೇಲೆ ಸಿಟ್ಟು ಇನ್ನೊಂದು ಕಡೆ. ಗಾಡಿಯಲ್ಲಿ ಬರುವಾಗ ಉದ್ದಕ್ಕೂ ಬೈದಳು: ‘ಇಷ್ಟ್ ವರ್ಷ ನನ್ನತ್ರಾನೇ ಮುಚ್ಚಿಟ್ಟಿದ್ದಲ್ಲೇ ಕಳ್ಳಿ!’ ನಾನು ಆಣೆ ಮಾಡಿದರೂ ನಂಬಲಿಲ್ಲ. ಟ್ರೈನಿಂಗಿನ ಗೆಳತಿ ಯಾರೋ ಕಲಿಸಿದ್ದಾಳೆ ಎಂದೇ ಕೊನೆವರೆಗೂ ತಿಳಿದಿದ್ದಳು. ಮೈಕ್ ಹಿಡಿದಿದ್ದ ಸಿರಾದ ಸಾಬರನ್ನು ನಾನು ಮಾರನೆಯ ವಾರ ಸಂತೆಯಲ್ಲಿ ಕೇಳಿದ್ದೆ, ಹಾಡಿದ್ದು ನಿಜವಾಗಿ ನಾನೇನಾ ಎಂದು. ‘ಆಪ್ ಹೀ ಹಾಡಿದ್ದು ಬೇಟಿ. ನಿಮ್ದೇ ಗಲಾ, ನಿಮ್ದೇ ದನಿ’ ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಕೂತು ಯೋಚಿಸಿದ್ದೇನೆ. ಪಾವಗಡದ ಕಡೆಯಿಂದ ಕಡಲೆಕಾಯಿ ಕೀಳಲು ನಮ್ಮೂರಿಗೆ ಹೆಂಗಸರು ಬರುತ್ತಿದ್ದರು. ತೊಟ್ಟಿಲಲ್ಲಿದ್ದಾಗ ಅವರಲ್ಲಿ ಯಾರಾದರೂ ಹಾಡಿದ್ದು ಕಿವಿಗೆ ಬಿದ್ದು ಎಲ್ಲೋ ಉಳಿದಿತ್ತೇನೋ. ಮೊದಲ ಎರಡು ಸಾಲಿಗೆ ಈ ವಿವರಣೆ ಸಾಕು ಎಂದುಕೊಳ್ಳುತ್ತೇನೆ. ಮೂರನೆಯದಕ್ಕೆ ಸಾಲುವುದಿಲ್ಲ. ಅದನ್ನು ಆವರೆಗೆ ಯಾರೂ ಹಾಡಿರಲೇ ಇಲ್ಲ. ಆ ವರ್ಷದ ಹುಬ್ಬೆಯಲ್ಲಿ ಓಬಳಮ್ಮ ಬಾಗಿಲು ಹಾಕಿಕೊಂಡು ಮಲಗಿದಳು ಎಂದು ಆ ಕಡೆಯಿಂದ ಬಂದವರೊಬ್ಬರು ಹೇಳಿದರು.

ನಾನು ರಿಟೈರಾದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಜನಪದ ಗೀತೆ ಬರೆದುಕೊಳ್ಳಲು ಮನೆಗೆ ಬಂದಿದ್ದಳು. ನನಗೆ ಬರುವ ಪದಗಳನ್ನೆಲ್ಲ ಹೇಳಿದೆ, ಇದನ್ನೂ ಹೇಳಿದೆ. ಪ್ರತಿ ಹಾಡಿನ ಕೆಳಗೆ ‘ಯಾರಿಂದ ಕಲಿತದ್ದು’ ಎಂದು ಬರೆಯಲು ಅವಳ ಪುಸ್ತಕದಲ್ಲಿ ಒಂದು ಗೆರೆ ಇತ್ತು. ಈ ಪದಕ್ಕೆ ಬಂದಾಗ ಪೆನ್ನು ಹಿಡಿದು ನನ್ನ ಮುಖ ನೋಡಿದಳು. ಕಾದು ಕಾದು, ಆ ಗೆರೆಯನ್ನು ಖಾಲಿ ಬಿಟ್ಟು ಅವಳೇ ಹಾಳೆ ತಿರುಗಿಸಿದಳು.