ಹೆನೆಖ್ ಸಿಟ್ರಿನ್ನರ ಹನ್ನೊಂದು ಧಾಟಿಗಳು

ಬೆಳಗಿನ ಐದೂಮುಕ್ಕಾಲು. ಮೆಲ್ಬರ್ನಿನ ಪಾಟರ್ಸ್ ಬೀದಿಯ ಹಳೆಯ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಅಡುಗೆಮನೆಯಲ್ಲಿ ಚಹದ ನೀರು ಕುದಿಯುತ್ತಿದೆ. ಫ್ರೇಡಾ ಸಿಟ್ರಿನ್ ಒಂದು ಕೈಯಲ್ಲಿ ಹೆರಿಂಗ್ ಮೀನಿನ ಡಬ್ಬಿ, ಇನ್ನೊಂದರಲ್ಲಿ ಫೋನು ಹಿಡಿದು, ಪ್ರಾರ್ಥನೆಗೆ ಬಂದವರ ತಲೆ ಎಣಿಸುತ್ತಾರೆ. ಒಂಬತ್ತು. ಹತ್ತು ಗಂಡಸರಾಗದೆ ಪ್ರಾರ್ಥನೆ ಪೂರ್ತಿಯಾಗುವಂತಿಲ್ಲ.

"ಸೋಲಿ, ಪೈಜಾಮದಲ್ಲೇ ಬಾ ಮಾರಾಯ. ದೇವರು ನಿನ್ನ ಪ್ಯಾಂಟು ನೋಡೋಕೆ ಕೂತಿಲ್ಲ."

ಎದುರುಮನೆಯ ಸೋಲಿ ನಾಲ್ಕೇ ನಿಮಿಷದಲ್ಲಿ ಪೈಜಾಮದ ಮೇಲೆ ಓವರ್‌ಕೋಟು ಏರಿಸಿಕೊಂಡು ಹಾಜರು. ಹತ್ತಾಯಿತು. ಈ ಎಣಿಕೆಗೆ ಫ್ರೇಡಾ ಸೇರುವುದಿಲ್ಲ. ಎಣಿಸುವ ಕೆಲಸ ಮಾತ್ರ ಮೂವತ್ತೆಂಟು ವರ್ಷಗಳಿಂದ ಅವರದೇ.

ಫ್ರೇಡಾಗೆ ಈಗ ಎಪ್ಪತ್ತೊಂದು. ಬಲಮಂಡಿ ಮುಷ್ಕರ ಹೂಡಿ ಎಷ್ಟೋ ಕಾಲವಾಗಿದೆ. ಆದರೂ ಮಹಿಳೆಯರ ಉಪ್ಪರಿಗೆಯ ನಲವತ್ತಾರು ಮೆಟ್ಟಿಲು ಗುಡಿಸುವವರು, ಇಪ್ಪತ್ತೆರಡು ಹಿತ್ತಾಳೆ ದೀಪ ಉಜ್ಜುವವರು, ಪ್ರತಿ ಸಂಗೀತ ಕಛೇರಿಗೂ ನೂರನಲವತ್ತು ಕುರ್ಚಿ ಹಾಕಿ ತೆಗೆಯುವವರು ಅವರೇ. ಅವರಿಗಿಂತ ಮುಂಚೆ ಇಲ್ಲಿ ಪೊರಕೆ ಹಿಡಿದವರು ಅಪ್ಪ ಹೆನೆಖ್. ಯುದ್ಧ ಮುಗಿದ ಮೇಲೆ ಪೋಲೆಂಡಿನಿಂದ ಒಂದೇ ಪೆಟ್ಟಿಗೆಯೊಡನೆ ಬಂದಿಳಿದವರು. ಸ್ವರಲಿಪಿ ಅರಿಯದವರು. ಗುಡಿಸುತ್ತಾ ಗುಡಿಸುತ್ತಾ, ಪೊರಕೆಯ ಲಯದಲ್ಲೇ ಪ್ರಾರ್ಥನೆಗಳಿಗೆ ಧಾಟಿ ಕಟ್ಟಿದರು. ಒಟ್ಟು ಹನ್ನೊಂದು. ಅವು ಉಳಿದದ್ದು ಮಗಳ ಗಂಟಲಲ್ಲಿ.

ಮೂರು ವರ್ಷದ ಹಿಂದೆ ಇಲ್ಲಿ ಯಹೂದಿ ಸಂಗೀತೋತ್ಸವ ಶುರುವಾಯಿತು. ಸಿಡ್ನಿಯಿಂದ ಬಂದ ನಿರ್ದೇಶಕ ಲೆಸ್ಲಿ ಬ್ರೌಡೊ ಅಡುಗೆಮನೆಯಲ್ಲೇ ಕೂತು, ಫ್ರೇಡಾ ಮಾಡಿದ ಈರುಳ್ಳಿ ಬನ್ನು ಮೆಲ್ಲುತ್ತಾ, ಹನ್ನೊಂದನ್ನೂ ಧ್ವನಿಮುದ್ರಿಸಿಕೊಂಡರು. ಕಾರ್ಯಕ್ರಮದ ಪುಸ್ತಿಕೆ ಅಚ್ಚಾಗಿ ಬಂತು. ಹನ್ನೊಂದರ ಕೆಳಗೂ ಒಂದೇ ಮಾತು: "ಧಾಟಿ: ಅಜ್ಞಾತ."

ಪುಸ್ತಿಕೆಯಲ್ಲಿ ಜಾಗವಿರಲಿಲ್ಲ ಎನ್ನುವಂತಿಲ್ಲ. ಪಿಯಾನೊ ಶ್ರುತಿ ಮಾಡಿದವರ ಹೆಸರಿತ್ತು. ಹೂದಾನಿ ಎರವಲು ಕೊಟ್ಟವರ ಹೆಸರಿತ್ತು. ಅದೇ ಉತ್ಸವದ ಇತಿಹಾಸ ಪ್ರದರ್ಶನದಲ್ಲಿ, ಕಟ್ಟಡಕ್ಕೆ ಇಟ್ಟಿಗೆ ಸುಟ್ಟವನ ಹುಟ್ಟಿದ ತಾರೀಖೂ ಗೋಡೆ ಏರಿತ್ತು. ಇದೇ ಸಿನಗಾಗಿನಲ್ಲಿ ಮಂಗಳವಾರದ ಧರ್ಮಗ್ರಂಥದ ಅಧ್ಯಯನಕ್ಕೆ ಕೂತರೆ, ಈ ಮಾತು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಹೇಳದೆ ಯಾರೂ ಬಾಯಿ ತೆರೆಯುವುದಿಲ್ಲ. ಆ ಸರಪಳಿ ಹಿಂದಕ್ಕೆ ಎರಡು ಸಾವಿರ ವರ್ಷ ಹೋಗುತ್ತದೆ. ಅಷ್ಟು ದೂರದ ದಾರಿ ಬಲ್ಲವರಿಗೆ ಅಡುಗೆಮನೆಯಲ್ಲಿ ಒಂದು ಹೆಸರು ಕೇಳುವ ದಾರಿ ತಿಳಿಯಲಿಲ್ಲವೆಂದರೆ ನಂಬಬೇಕೆ?

ಅಪ್ಪನ ಹೆಸರೇಕಿಲ್ಲ ಎಂದು ಫ್ರೇಡಾ ಎರಡು ಸಲ ಕೇಳಿದರು. ಸಿಕ್ಕ ಉತ್ತರವನ್ನು ಈಗ ನಟಿಸಿಯೇ ತೋರಿಸುತ್ತಾರೆ. ಕಣ್ಣು ಅರೆಮುಚ್ಚುತ್ತದೆ, ಸೌಟು ಗಾಳಿಯಲ್ಲಿ ತಾಳ ಹಾಕುತ್ತದೆ, ಕಂಠ ಪಕ್ಕಾ ಬ್ರೌಡೊ: "'ಫ್ರೇಡಾ ಡಾರ್ಲಿಂಗ್, ಇಂಥ ಹಾಡಿನ ಸೊಗಸೇ ಅದು. ಯಾರದ್ದೂ ಅಲ್ಲ, ಎಲ್ಲರದ್ದೂ.'" ಸೌಟು ಪಾತ್ರೆಗೆ ಬೀಳುತ್ತದೆ. "ಎಲ್ಲರದ್ದೂ ಅಂತೆ. ನಮ್ಮಪ್ಪ ಆ ಮೂಲೇಲಿ ಕಸ ಗುಡಿಸ್ತಾ ಕಟ್ಟಿದ್ದು. ಆಗ ಈ ಎಲ್ಲರೂ ಎಲ್ಲಿದ್ರು?"

ಈ ವರ್ಷ ಬ್ರೌಡೊ ಮತ್ತೆ ಬಂದರು. ಆ ಹನ್ನೊಂದರ ಜೊತೆ ಹಾಡಿಸಲು ಇನ್ನೊಂದು ಬೇಕಂತೆ, ತೀರ ಹಳೆಯದು. ಫ್ರೇಡಾ ಈರುಳ್ಳಿ ಹೆಚ್ಚುತ್ತಾ ಯೋಚಿಸಿದರು. ಕಣ್ಣಲ್ಲಿ ನೀರು ತುಂಬಿಕೊಂಡು ಒಂದು ಧಾಟಿ ಕೊಟ್ಟರು. ಅದು ಬಡಾವಣೆಯ ಫುಟ್ಬಾಲ್ ತಂಡ ಗೆದ್ದಾಗಲೆಲ್ಲ ಗೋಡೆಯಾಚೆಯ ಮೈದಾನದಿಂದ ಕೇಳಿಬರುವ ಗೆಲುವಿನ ಹಾಡು. ವೇಗ ಕಾಲುಭಾಗಕ್ಕೆ ಇಳಿದಿತ್ತು, ಪ್ರತಿ ಸಾಲಿನ ಕೊನೆಗೊಂದು ನಿಟ್ಟುಸಿರು ಸೇರಿತ್ತು, ಅಷ್ಟೇ. ಸಿಡ್ನಿಯವರಿಗೆ ನಮ್ಮ ಫುಟ್ಬಾಲಿನ ಗಂಧವಿಲ್ಲ. ಬ್ರೌಡೊ ಕಣ್ಣೊರೆಸಿಕೊಂಡು ಬರೆದುಕೊಂಡರು: "ಲಿಥುವೇನಿಯಾದ ಹಳ್ಳಿಯೊಂದರದು, ಹದಿನೇಳನೆಯ ಶತಮಾನ. ಧಾಟಿ: ಅಜ್ಞಾತ." ಸಿಡ್ನಿಯಲ್ಲೇ ಇರುವ ಅವರ ಗಾಯಕವೃಂದ ಆರು ವಾರ ಅಭ್ಯಾಸ ಮಾಡಿತು.

ಕಳೆದ ಭಾನುವಾರ ಮಧ್ಯಾಹ್ನ ನೂರನಲವತ್ತು ಕುರ್ಚಿಯೂ ಭರ್ತಿ. ಗಾಯಕರು ಕಣ್ಣುಮುಚ್ಚಿ ಲಿಥುವೇನಿಯಾ ತಲುಪಿದ್ದರು. ಹಾಡಿನ ಎರಡನೆಯ ಸಾಲಿಗೆ ಸೋಲಿಯ ಕಾಲು ಕುಣಿಯತೊಡಗಿತು. ಮೂರನೆಯದಕ್ಕೆ ಆತ ಗುನುಗಿದ, ಅದೂ ಅಸಲಿ ವೇಗದಲ್ಲಿ. ಪಕ್ಕದವರು ಹಿಡಿದುಕೊಂಡರು, ಹಿಂದಿನ ಸಾಲು ಎತ್ತಿಕೊಂಡಿತು. ಹಾಡು ಮುಗಿಯುವ ಹೊತ್ತಿಗೆ ಸಭೆಯೆಲ್ಲ ಎದ್ದು ನಿಂತು ತಂಡದ ಹೆಸರು ಕೂಗುತ್ತಿತ್ತು. ಗಾಯಕರೆದುರು ತಾಳ ಹಾಕುತ್ತಿದ್ದ ಬ್ರೌಡೊರ ಕೈ ಮೇಲೆತ್ತಿದ್ದು ಮೇಲೆಯೇ ಉಳಿದಿತ್ತು. ಸೋಲಿ ಹೋಗಿ ಅವರ ಕಿವಿಯಲ್ಲಿ ವಿಷಯ ಉಸುರಿದ. ಅವರ ಮುಖ ಕೆಂಪಾಯಿತು. ತಾವೇ ಬರೆದ ಪುಸ್ತಿಕೆಯನ್ನು ಎತ್ತಿ ಓದಿಕೊಂಡರು. ಮೆಲ್ಲಗೆ ನಗತೊಡಗಿದರು.

"ಫ್ರೇಡಾ, ನಾನು ಸೋತೆ," ಎಂದು ಉಪ್ಪರಿಗೆಯತ್ತ ನೋಡಿದರು. "ಮಿಕ್ಕ ಹನ್ನೊಂದು ಯಾರದ್ದು, ಎಲ್ಲರೆದುರು ಹೇಳಿಬಿಡಿ."

ಫ್ರೇಡಾ ಕಟಕಟೆ ಹಿಡಿದು ಎದ್ದರು. ನೂರನಲವತ್ತು ತಲೆ ಅವರತ್ತ ತಿರುಗಿದವು.

"ಹೆನೆಖ್ ಸಿಟ್ರಿನ್. ಈ ಸಿನಗಾಗ್ ಗುಡಿಸ್ತಿದ್ದೋರು. ಅದನ್ನೂ ಬರೀರಿ."

ಬ್ರೌಡೊ ಅಲ್ಲೇ ಪೆನ್ನು ತೆಗೆದು, ಹನ್ನೊಂದು ಕಡೆ "ಅಜ್ಞಾತ" ಹೊಡೆದುಹಾಕಿ ಹೆಸರು ಬರೆದರು. ಹನ್ನೆರಡನೆಯದಕ್ಕೆ ಪೆನ್ನು ನಿಂತಿತು. "ಇದಕ್ಕೆ ನಿಮ್ಮ ಹೆಸರು ಹಾಕ್ಲಾ?"

"ಬೇಡಪ್ಪ. ಅದಕ್ಕೆ ಅಜ್ಞಾತ ಅಂತಲೇ ಇರಲಿ," ಎಂದರು ಫ್ರೇಡಾ. ಕಣ್ಣು ಅರೆಮುಚ್ಚಿತು, ಬೆರಳು ಗಾಳಿಯಲ್ಲಿ ತಾಳ ಹಾಕಿತು. "ಯಾರದ್ದೂ ಅಲ್ಲ ಡಾರ್ಲಿಂಗ್, ಎಲ್ಲರದ್ದೂ."

ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಬ್ರೌಡೊರದೇ.